ಕಾವಲು ಗುಡಿಸಲಿನ ಕೆಂಡ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ರೈಲಿನ ಕಿಟಕಿಯಿಂದಷ್ಟೇ ಕಂಡವರಿಗೆ ಅಲ್ಲಿಯ ಚಳಿಯ ಮಾತನ್ನು ಹೇಳಿದರೆ ನಕ್ಕಾರು. ಅದು ಹಿಮ ಬೀಳುವ ನಾಡಲ್ಲ, ಕೆರೆಯ ನೀರು ಹೆಪ್ಪುಗಟ್ಟುವ ನಾಡೂ ಅಲ್ಲ. ಆದರೆ ಆ ಬಯಲು ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಮಾರ್ಗಶಿರ ಪುಷ್ಯ ಮಾಸಗಳ ಮೋಡವಿಲ್ಲದ ರಾತ್ರಿಯಲ್ಲಿ ನೆಲವು ಹಗಲೆಲ್ಲ ಹೀರಿಕೊಂಡ ಕಾವನ್ನು ಆಕಾಶಕ್ಕೆ ಸೂಸಿಬಿಡುತ್ತದೆ. ಬೆಳಗಿನ ಜಾವಕ್ಕೆ ತೆಂಗಿನ ಗರಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಹಾಲ್ಕುರಿಕೆಯ ಕಡೆಯ ತೋಟವೊಂದರಲ್ಲಿ ಕಾಯಿಯ ರಾಶಿಗೆ ಕಾವಲು ಮಲಗಿದವನಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಒಂದಿಷ್ಟು ಕಾವು. ಅದನ್ನು ಯಾವುದರಿಂದ, ಹೇಗೆ ಪಡೆಯಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ.

ಈ ಸೀಮೆಯಲ್ಲಿ ಕೈಗೆ ಮೊದಲು ಸಿಕ್ಕುವ ಉರುವಲು ಕರಟ. ಇಲ್ಲಿಯ ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಗುಡುಗುಡು ಎಂದಾಗ ಸಿಪ್ಪೆ ಸುಲಿದು ಕರಟ ಒಡೆಯುತ್ತಾರೆ. ಉಳಿದ ಕರಟ ಒಲೆಗೂ ಹೋಗುತ್ತದೆ, ಇದ್ದಲು ಸುಡುವವರಿಗೂ ಹೋಗುತ್ತದೆ. ಕರಟದ ಇದ್ದಲು ಗಟ್ಟಿ. ನಿಧಾನವಾಗಿ, ಹೊಗೆಯಿಲ್ಲದೆ, ಬಹಳ ಹೊತ್ತು ಉರಿಯುತ್ತದೆ. ಒಂದು ಅಗ್ಗಿಷ್ಟಿಕೆಯಲ್ಲೋ ತೂತುಬಿದ್ದ ಬಕೀಟಿನಲ್ಲೋ ನಾಲ್ಕು ಹಿಡಿ ಕೆಂಡ ತುಂಬಿ ಒಳಗಿಟ್ಟುಕೊಂಡರೆ ರಾತ್ರಿ ಕಳೆಯಿತು ಎಂದುಕೊಳ್ಳುವುದು ಸಹಜ. ಹೊಗೆಯಿಲ್ಲ, ಕಣ್ಣುರಿಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ಈ ತರ್ಕವೇ ತಲೆಕೆಳಗಾದದ್ದು.

ಇದ್ದಲೆಂದರೆ ಬಹುಮಟ್ಟಿಗೆ ಇಂಗಾಲ. ಅದಕ್ಕೆ ಬೇಕಾದಷ್ಟು ಗಾಳಿ ಸಿಕ್ಕಿದರೆ ಇಂಗಾಲದ ಒಂದು ಪರಮಾಣು ಆಮ್ಲಜನಕದ ಎರಡು ಪರಮಾಣುಗಳೊಡನೆ ಕೂಡಿ ಇಂಗಾಲದ ಡೈ ಆಕ್ಸೈಡು ಆಗುತ್ತದೆ. ಆದರೆ ಕೆಂಡದ ರಾಶಿಯ ಒಳಗೆ ನಡೆಯುವ ಸಂಗತಿಯೇ ಬೇರೆ. ಕೆಳಗೆ ಹುಟ್ಟಿದ ಡೈ ಆಕ್ಸೈಡು ಮೇಲೇರುವಾಗ ನಿಗಿನಿಗಿ ಕೆಂಡಗಳ ನಡುವೆ ಹಾದುಬರಬೇಕು. ಸುಮಾರು 700 ಡಿಗ್ರಿಗೂ ಮೀರಿದ ಆ ಕಾವಿನಲ್ಲಿ ಅದು ಇನ್ನೊಂದು ಇಂಗಾಲದ ಪರಮಾಣುವಿಗೆ ತನ್ನ ಆಮ್ಲಜನಕದಲ್ಲಿ ಅರ್ಧವನ್ನು ಕೊಟ್ಟು ಎರಡೂ ಮಾನಾಕ್ಸೈಡು ಆಗಿಬಿಡುತ್ತವೆ. ಹೊಸದಾಗಿ ಹೊತ್ತಿಸಿದ ಇದ್ದಲಿನ ಮೇಲೆ ನೀಲಿಯ ಜ್ವಾಲೆಗಳು ಕುಣಿಯುವುದನ್ನು ವಾಚಕರು ನೋಡಿರಬಹುದು. ಅದು ಈ ಮಾನಾಕ್ಸೈಡು ಗಾಳಿಯನ್ನು ಸೋಂಕಿ ಉರಿಯುವ ಬಗೆ. ನೀಲಿಯ ಜ್ವಾಲೆ ಅಡಗಿದ ಮೇಲೆ ಅನಿಲ ನಿಂತಿತೆಂದು ತಿಳಿಯಬಾರದು; ಉರಿಯದೆಯೇ ಕೋಣೆಯೊಳಕ್ಕೆ ಬರುತ್ತಿದೆ ಎಂದು ತಿಳಿಯಬೇಕು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವ ಖಾರವಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವಿಗೂ ಇದಕ್ಕೂ ಇರುವ ಸೆಳೆತ ಆಮ್ಲಜನಕದ ಸೆಳೆತಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. 19ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಈ ಗುಟ್ಟನ್ನು ಕಂಡುಹಿಡಿದರು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಜೆ. ಎಸ್. ಹಾಲ್ಡೇನ್ ಅಳತೆಯಿಟ್ಟು ಅನಿಲವನ್ನು ತಾವೇ ಉಸಿರಾಡಿ, ತಮ್ಮ ರಕ್ತವನ್ನು ಆಗಾಗ ಪರೀಕ್ಷಿಸಿಕೊಂಡರು. ಹಿಮೋಗ್ಲೋಬಿನ್ನಿನ ಅರ್ಧಭಾಗಕ್ಕೂ ಮಿಕ್ಕಿ ವಿಷದ ವಶವಾದಾಗ ಆಸರೆಯಿಲ್ಲದೆ ನಡೆಯಲಾರದವರಾದರು. ಕಲ್ಲಿದ್ದಲಿನ ಗಣಿಗಳಲ್ಲಿ ಪಂಜರದ ಕ್ಯಾನರಿ ಹಕ್ಕಿಯನ್ನು ಒಯ್ಯುವ ಪದ್ಧತಿ ಅವರ ಸಲಹೆಯಿಂದ ಬಂದದ್ದು. ನಮ್ಮ ಕಾವಲುಗಾರನಿಗೆ ಹಕ್ಕಿಯೂ ಇಲ್ಲ. ಎಚ್ಚರವಾಗಿದ್ದರೆ ತಲೆನೋವು, ತಲೆಸುತ್ತು, ವಾಕರಿಕೆ ಇವಾದರೂ ಸೂಚನೆ ಕೊಟ್ಟಾವು, ನಿದ್ರಿಸುತ್ತಿದ್ದರೆ ಅವೂ ಇಲ್ಲ. ಎಚ್ಚರವಾದರೂ ಬುದ್ಧಿಗೆ ಮೊದಲು ಕಾಲು ಸೋಲುತ್ತದೆ. ಬಾಗಿಲು ಎರಡು ಮಾರು ದೂರದಲ್ಲಿದ್ದರೂ ತಲುಪಲಾಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಗುಡಿಸಲು ಎಂಟಡಿ ಉದ್ದ, ಎಂಟಡಿ ಅಗಲ, ಏಳಡಿ ಎತ್ತರ ಎಂದಿಟ್ಟುಕೊಂಡರೆ ಒಳಗಿನ ಗಾಳಿ ಸುಮಾರು 12,500 ಲೀಟರು. ಗಂಟೆಗೆ 200 ಗ್ರಾಂ ಇದ್ದಲು ಉರಿಯಿತು, ಅದರಲ್ಲಿ 160 ಗ್ರಾಂ ಇಂಗಾಲ, ಆ ಇಂಗಾಲದ ಹತ್ತರಲ್ಲೊಂದು ಪಾಲು ಮಾತ್ರ ಮಾನಾಕ್ಸೈಡಾಯಿತು ಎಂದು ಹಿಡಿಯೋಣ. 12 ಗ್ರಾಂ ಇಂಗಾಲದಿಂದ ಸುಮಾರು 24 ಲೀಟರು ಮಾನಾಕ್ಸೈಡು ಹುಟ್ಟುವುದರಿಂದ 16 ಗ್ರಾಂನಿಂದ 32 ಲೀಟರು. ಸಂದಿಗಳೆಲ್ಲ ಮುಚ್ಚಿದ್ದರೆ ಒಂದು ಗಂಟೆಯಲ್ಲಿ ಗಾಳಿಯ ಶೇಕಡ ಕಾಲು ಭಾಗ ವಿಷವಾಯಿತು. ಹತ್ತು ಸಾವಿರ ಭಾಗ ಗಾಳಿಯಲ್ಲಿ ಹದಿನಾರು ಭಾಗವಿದ್ದರೆ ಒಂದು ಗಂಟೆಯೊಳಗೆ ಸಾವು ಸಂಭವಿಸಬಹುದು, ಇಲ್ಲಿ ಇಪ್ಪತ್ತೈದಾಯಿತು.

ಜನರು ನೆಚ್ಚಿಕೊಂಡ ಉಪಾಯಗಳಲ್ಲಿ ಹೆಚ್ಚಿನವು ಇಲ್ಲಿ ಕೈಕೊಡುತ್ತವೆ. ಮಂಚದ ಮೇಲೆ ಮಲಗಿದರೆ ಸಾಕು, ವಿಷಗಾಳಿ ನೆಲದ ಮೇಲೆ ನಿಲ್ಲುತ್ತದೆ ಎಂಬುದುಂಟು; ಮಾನಾಕ್ಸೈಡು ಗಾಳಿಗಿಂತ ತುಸು ಹಗುರವೇ ಆಗಿ ಎಲ್ಲ ಕಡೆಗೂ ಬೆರೆಯುತ್ತದೆ. ತಪ್ಪಲೆಯಲ್ಲಿ ನೀರಿಟ್ಟರೆ ಹೀರಿಕೊಳ್ಳುತ್ತದೆ ಎಂಬುದುಂಟು. ನೀರಿನಲ್ಲಿ ಅದು ಕರಗುವುದು ಲೆಕ್ಕಕ್ಕಿಲ್ಲದಷ್ಟು. ಎಲ್ಲಕ್ಕಿಂತ ಕೆಟ್ಟದ್ದು ಕೆಂಡದ ಮೇಲೆ ಬೂದಿ ಮುಚ್ಚಿ ಮಲಗುವುದು. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ನಾವು ಒಳಗೊಳಗೇ ಇರುವ ದ್ವೇಷಕ್ಕೆ ಬಳಸುತ್ತೇವೆ. ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಮಾತು ಸರಿಯಾಗಿದೆ. ಬೂದಿಯ ಹೊದಿಕೆಯಡಿಯಲ್ಲಿ ಗಾಳಿ ಕಡಮೆಯಾಗಿ ಕೆಂಡವು ಗಂಟೆಗಟ್ಟಲೆ ಮಾನಾಕ್ಸೈಡನ್ನು ಸೂಸುತ್ತಿರುತ್ತದೆ.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆವು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲಗಳಿಂದ ಸೈನಿಕರನ್ನು ಕಾಪಾಡುವ ಮುಖವಾಡಗಳಿಗೆ ತೆಂಗಿನ ಕರಟದ ಇದ್ದಲು ಬಹಳ ಶ್ರೇಷ್ಠವೆಂದು ಕಂಡುಬಂದು ಅಮೆರಿಕದಲ್ಲಿ ಕರಟಗಳನ್ನು ಸಂಗ್ರಹಿಸಿದರು. ಇಂದಿಗೂ ನೀರು ಸೋಸುವ ಯಂತ್ರಗಳಲ್ಲಿ ಇರುವುದು ಹೆಚ್ಚಾಗಿ ಅದೇ. ಹಲವು ವಿಷಗಳನ್ನು ಹಿಡಿದಿಟ್ಟುಕೊಳ್ಳುವ ಆ ಇದ್ದಲಿಗೆ ತಾನೇ ಉರಿದು ಹುಟ್ಟಿಸುವ ಮಾನಾಕ್ಸೈಡನ್ನು ಮಾತ್ರ ತಡೆಯುವ ಶಕ್ತಿಯಿಲ್ಲ.

ಹಾಗಾದರೆ ನಮ್ಮ ಹಿರಿಯರು ಅಗ್ಗಿಷ್ಟಿಕೆಯನ್ನು ಪಕ್ಕದಲ್ಲಿಟ್ಟುಕೊಂಡೇ ಬದುಕಲಿಲ್ಲವೆ ಎಂದು ಕೇಳಬಹುದು. ಬದುಕಿದರು, ಅವರನ್ನು ಕಾಪಾಡಿದ್ದು ಅವರ ಮನೆಯ ಸೋರುವಿಕೆ. ನಾಡಹೆಂಚಿನ ಸೂರಿನಲ್ಲಿ ಸಾವಿರ ಸಂದಿ, ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿ, ಗರಿ ಹೊದಿಸಿದ ಗುಡಿಸಲಿನಲ್ಲಂತೂ ಗಾಳಿಗೆ ತಡೆಯೇ ಇಲ್ಲ. ಈಗ ಗುಡಿಸಲಿಗೆ ತಗಡು ಬಂದಿದೆ, ಸುತ್ತ ಪ್ಲಾಸ್ಟಿಕ್ ಹಾಳೆ ಬಂದಿದೆ. ಮನೆಗೆ ಕಾಂಕ್ರೀಟಿನ ತಾರಸಿಯೂ ಗಾಜಿನ ಕಿಟಕಿಯೂ ಬಂದಿವೆ. ಅಭ್ಯಾಸ ಮಾತ್ರ ಹಳೆಯದು. 2023ರ ಸೆಪ್ಟೆಂಬರಿನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಳಿ ಸಾಕಣೆಯ ಶೆಡ್ಡೊಂದರಲ್ಲಿ ಬೆಂಕಿಯಿಟ್ಟುಕೊಂಡು ಮಲಗಿದ್ದ ಒಂದೇ ಕುಟುಂಬದ ನಾಲ್ವರೂ, 2025ರ ನವೆಂಬರಿನಲ್ಲಿ ಬೆಳಗಾವಿಯ ಕೋಣೆಯೊಂದರಲ್ಲಿ ಇದ್ದಲು ಹೊತ್ತಿಸಿಟ್ಟು ಮಲಗಿದ್ದ ಮೂವರು ಯುವಕರೂ ಉಸಿರುಗಟ್ಟಿ ಸತ್ತುದನ್ನು ಪತ್ರಿಕೆಗಳಲ್ಲಿ ಓದಿದೆವು.

ಶೀತದೇಶಗಳಲ್ಲಿಯೂ ಇದೇ ತೊಡಕು ಉಂಟು. ಕೆನಡದಲ್ಲಿಯೂ ಅಮೆರಿಕದ ಮಿನ್ನೆಸೋಟದಲ್ಲಿಯೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಪುಟ್ಟ ಮರೆ ಕಟ್ಟಿ, ಮಂಜುಗಡ್ಡೆಯಲ್ಲಿ ತೂತು ಕೊರೆದು ಮೀನು ಹಿಡಿಯುವವರು ಒಳಗೆ ಅನಿಲದ ಒಲೆ ಹೊತ್ತಿಸುತ್ತಾರೆ. ಅನಿಲವೂ ಗಾಳಿ ಸಾಲದಾದರೆ ಮಾನಾಕ್ಸೈಡನ್ನೇ ಕೊಡುತ್ತದೆ. 1934ರಲ್ಲಿ ದಕ್ಷಿಣ ಧ್ರುವಖಂಡದ ಹಿಮದಡಿಯ ಗುಡಿಸಲಿನಲ್ಲಿ ಒಬ್ಬನೇ ಇದ್ದ ಅಡ್ಮಿರಲ್ ಬರ್ಡ್, ಒಲೆಯ ಕೊಳವೆ ಸರಿಯಾಗಿ ಕೂಡದೆ ಇದ್ದುದರಿಂದಲೂ ವಿದ್ಯುತ್ತಿಗಾಗಿ ಇಟ್ಟಿದ್ದ ಎಂಜಿನಿನ ಹೊಗೆಯಿಂದಲೂ ವಿಷವೇರಿ ಸಾಯುವ ಸ್ಥಿತಿಗೆ ಬಂದನು. ಅವನು ಕಳುಹಿಸುತ್ತಿದ್ದ ತಂತಿಯಿಲ್ಲದ ಸಂದೇಶಗಳು ಅಸ್ತವ್ಯಸ್ತವಾದುದನ್ನು ಕಂಡು ಸಂಗಡಿಗರು ಅನುಮಾನಪಟ್ಟರು.

ಈಗ ಆಯ್ಕೆಯ ಮಾತು. ನಮ್ಮ ಅಭಿಪ್ರಾಯದಲ್ಲಿ ಮೊದಲು ಬೆಚ್ಚಗಾಗಬೇಕಾದವನು ಮನುಷ್ಯ, ಗುಡಿಸಲಲ್ಲ. ಸುಮ್ಮನೆ ಮಲಗಿದ ದೇಹವೂ ಸುಮಾರು 80 ವ್ಯಾಟಿನಷ್ಟು ಕಾವನ್ನು ತಾನೇ ಉತ್ಪತ್ತಿ ಮಾಡುತ್ತಿರುತ್ತದೆ. ಅದನ್ನು ಹೋಗಗೊಡದಿದ್ದರೆ ನಮ್ಮ ಸೀಮೆಯ ಚಳಿಗೆ ಸಾಕು. ಎರಡು ಕಂಬಳಿ ಹೊದ್ದರೂ ನಡುಗುವವರು ಅನೇಕವೇಳೆ ಕೆಳಗೆ ಒಂದು ಚಾಪೆಯನ್ನಷ್ಟೇ ಹಾಸಿರುತ್ತಾರೆ. ಮೈಭಾರಕ್ಕೆ ಅಮುಕಿದ ಹಾಸಿಗೆಯಲ್ಲಿ ಗಾಳಿ ನಿಲ್ಲದೆ ಕಾವು ನೆಲಕ್ಕೆ ಹರಿಯುತ್ತದೆ. ಒಣಗಿದ ರಾಗಿ ಹುಲ್ಲನ್ನು ಗೇಣುದ್ದ ದಪ್ಪ ಹರಡಿ ಮೇಲೆ ಕಂಬಳಿ ಹಾಸುವುದು ಅಥವಾ ತೆಂಗಿನ ನಾರಿನ ಹಾಸಿಗೆಯನ್ನು ಬಳಸುವುದು ಒಂದು ಅಗ್ಗಿಷ್ಟಿಕೆಗೆ ಸಮ. ತಲೆಗೊಂದು ಮಫ್ಲರು ಬೇಕೇ ಬೇಕು.

ಇನ್ನೂ ಬೇಕೆನಿಸಿದರೆ ಬೆಂಕಿಯನ್ನು ಹೊರಗೆ ಉರಿಸಿ ಕಾವನ್ನು ಮಾತ್ರ ಒಳಕ್ಕೆ ತರಬೇಕು. 70 ಡಿಗ್ರಿಯ ಎರಡು ಲೀಟರು ನೀರು ಮೈಯ ಮಟ್ಟಕ್ಕೆ ಆರುವಷ್ಟರಲ್ಲಿ ಸುಮಾರು 70 ಕಿಲೊಕ್ಯಾಲೊರಿ ಬಿಡುತ್ತದೆ. ಅಷ್ಟು ಕಾವು ಬರಬೇಕಾದರೆ ಐದು ಕಿಲೋ ಕಲ್ಲನ್ನು ಕುದಿನೀರಿನ ಮಟ್ಟಕ್ಕೂ ಮೀರಿ ಕಾಯಿಸಬೇಕು. ಆದ್ದರಿಂದ ಬಿಗಿಮುಚ್ಚಳದ ಪಾತ್ರೆಯಲ್ಲಿ ಬಿಸಿನೀರು ತುಂಬಿ, ಗೋಣಿಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಳ್ಳುವುದು ಮೇಲು. ಕಲ್ಲನ್ನೇ ಬಳಸುವವರು ಕೆರೆಯಂಗಳದ ಕಲ್ಲನ್ನು ಆರಿಸಬಾರದು. ಒಳಗೆ ಸೇರಿದ ನೀರು ಆವಿಯಾಗಿ ಸಿಡಿಯುವುದುಂಟು. ವಿದ್ಯುತ್ತಿನ ಹೀಟರು ವಿಷಗಾಳಿಯನ್ನು ಹುಟ್ಟಿಸುವುದಿಲ್ಲ, ನಿಜ; ಆದರೆ ಒಣಗರಿಯ ಗುಡಿಸಲಿನಲ್ಲಿ ಸವೆದ ತಂತಿಯ ಹೀಟರನ್ನಿಟ್ಟು ಹೊದಿಕೆ ತಾಗಗೊಟ್ಟರೆ ಬೇರೆ ಬಗೆಯ ಬೆಂಕಿ.

ಒಳಗೇ ಒಲೆ ಬೇಕೆಂದರೆ ಸೂರಿನಾಚೆಗೆ ಹೋಗುವ ಹೊಗೆಕೊಳವೆ ಇರಲೇಬೇಕು. ಈ ವಿಷಯದಲ್ಲಿ ತುಮಕೂರು ಜಿಲ್ಲೆಯವರು ದೂರ ಹುಡುಕಬೇಕಾಗಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಸಂಸ್ಥೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಹಳ್ಳಿಯ ಅಡುಗೆಮನೆಗಳನ್ನು ಅಭ್ಯಾಸ ಮಾಡಿತು. ಅಲ್ಲಿಂದ ಬಂದ ಅಸ್ತ್ರ ಒಲೆಗೆ ಹೊಗೆಕೊಳವೆಯೇ ಮುಖ್ಯ ಅಂಗ. ಆದರೂ ಕೊಳವೆ ಕಟ್ಟಿಕೊಂಡೀತು, ಗೂಡು ಕಟ್ಟಿದ ಹಕ್ಕಿಯೂ ಅದನ್ನು ಮುಚ್ಚೀತು. ನಿದ್ರೆಗೆ ಮೊದಲು ಕೆಂಡವನ್ನು ಹೊರಕ್ಕೆ ಸಾಗಿಸುವುದೇ ಕ್ಷೇಮ. ಬ್ಯಾಟರಿಯಿಂದ ನಡೆದು ಮಾನಾಕ್ಸೈಡು ಏರಿದೊಡನೆ ಕೂಗುವ ಉಪಕರಣಗಳೂ ಈಗ ದೊರೆಯುತ್ತವೆ.

ಗುಡಿಸಲಿಗೆ ಹೇಳಿದ್ದೆಲ್ಲ ಬಾಣಂತಿಯ ಕೋಣೆಗೆ ಇನ್ನೂ ಬಲವಾಗಿ ಅನ್ವಯಿಸುತ್ತದೆ. ಗಾಳಿ ತಾಗಬಾರದೆಂದು ಕಿಟಕಿಯ ಸಂದಿಗೆ ಬಟ್ಟೆ ತುರುಕಿ, ಮಂಚದಡಿಗೆ ಕೆಂಡ ತಳ್ಳುವ ವಾಡಿಕೆ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಶಿಶುವಿನ ಉಸಿರು ದೊಡ್ಡವರ ಉಸಿರಿಗಿಂತ ವೇಗ. ವಿಷವೂ ಬೇಗನೆ ಏರುತ್ತದೆ.

ಕೆಂಡವಿದ್ದ ಕೋಣೆಯಲ್ಲಿ ಯಾರಾದರೂ ಎಚ್ಚರತಪ್ಪಿರುವುದನ್ನು ಕಂಡರೆ ಬಾಗಿಲು ಕಿಟಕಿಗಳನ್ನು ಹಾರುಹೊಡೆದು, ಉಸಿರು ಬಿಗಿಹಿಡಿದು ಒಳಹೊಕ್ಕು ಅವರನ್ನು ಬಯಲಿಗೆ ಎಳೆದು ತರಬೇಕು, 108ಕ್ಕೆ ಕರೆ ಮಾಡಬೇಕು. ಬಯಲ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಕೋಣೆಯಲ್ಲಿ ಕೆಂಡವಿತ್ತೆಂಬುದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. 2020ರ ಕೋವಿಡ್ ಕಾಲದಿಂದ ಮನೆಮನೆಗೂ ಪರಿಚಿತವಾದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇಲ್ಲಿ ದಾರಿ ತಪ್ಪಿಸುತ್ತದೆ: ಮಾನಾಕ್ಸೈಡು ಹೊತ್ತ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ಹೊತ್ತ ರಕ್ತದಂತೆಯೇ ಕೆಂಪಗೆ ಕಂಡು, ಸಾಯುತ್ತಿರುವವನ ಬೆರಳಿನಲ್ಲೂ 98 ಎಂದು ತೋರಿಸೀತು. ನಿಜವನ್ನು ತಿಳಿಸುವುದು ಆಸ್ಪತ್ರೆಯಲ್ಲಿ ಮಾಡುವ ರಕ್ತಪರೀಕ್ಷೆ.