ಶಿವಪುರದ ಮೂರು ದಿನ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಬಂದ ಮೇಲೆ ಮದ್ದೂರು ಪಕ್ಕಕ್ಕೆ ಸರಿದುಬಿಟ್ಟಿದೆ. ಬೈಪಾಸಿನ ಮೇಲೆ ಹೋಗುವ ಕಾರಿನವರಿಗೆ ದೂರದಲ್ಲಿ ತೆಂಗಿನ ತಲೆಗಳು ಕಾಣುತ್ತವೆ, ಅಷ್ಟೇ. ಹಳೇ ರಸ್ತೆಗೆ ಇಳಿದವರಿಗೆ ಊರು ಇನ್ನೂ ಇದ್ದ ಹಾಗೇ ಸಿಗುತ್ತದೆ. ಬೆಳಗ್ಗೆ ಎಳನೀರು ಮಾರುಕಟ್ಟೆಯಲ್ಲಿ ಲಾರಿ ತುಂಬುವ ಗಲಾಟೆ, ಹೋಟೆಲುಗಳಿಂದ ಬರುವ ಈರುಳ್ಳಿ ಬೆರೆತ ವಡೆಯ ವಾಸನೆ, ಆಚೆಗೆ ಬೇಸಿಗೆಯಲ್ಲಿ ಸೊರಗಿದ ಶಿಂಷೆ.

ರಸ್ತೆ ಬದಿಯಲ್ಲಿ ಎಳನೀರಿನ ರಾಶಿ ಹಾಕಿಕೊಂಡಿದ್ದವರೊಬ್ಬರು ಕಾಯಿ ಕೈಗೆತ್ತಿಕೊಂಡು ಕೇಳಿದರು: "ಗಂಜಿನಾ, ನೀರಾ ಅಣ್ಣ?"

"ನೀರೇ ಇರಲಿ. ಸತ್ಯಾಗ್ರಹ ಸೌಧ ಯಾವ ಕಡೆಗೆ?"

ಮಚ್ಚು ಮೂರು ಏಟಿಗೆ ಕಾಯಿಯ ನೆತ್ತಿಯನ್ನು ತೆಗೆಯಿತು. "ಶಿವಪುರಕ್ಕಾ? ಇಲ್ಲೇ ಕಣಣ್ಣ, ಹಿಂಗೇ ರೋಡ್ ಹಿಡಿದು ಹೋಗಿ. ನಮ್ ತಾತ ಆವಾಗ ಹೈದನಂತೆ, ಬಾವುಟ ನೋಡಕ್ಕೆ ಓಗಿದ್ನಂತೆ." ಇಷ್ಟು ಹೇಳಿ ಅವರು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಬಾವುಟ ನೋಡಕ್ಕೆ ಓಗಿದ್ನಂತೆ. ಈ ಮಾತನ್ನು ಬಾಯಲ್ಲಿಟ್ಟುಕೊಂಡೇ ನಾನು ಶಿವಪುರದ ಕಡೆ ನಡೆದೆ. ಈಗ ಅದು ಮದ್ದೂರು ಪಟ್ಟಣದೊಳಗೇ ಸೇರಿಹೋಗಿದೆ. 1938ರಲ್ಲಿ ಸುತ್ತ ಗದ್ದೆ, ಹೊಲ, ತೋಪು ಇದ್ದ ಒಂದು ಹಳ್ಳಿ. ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ; ಅದು ಹುಟ್ಟಿದ್ದು 1939ರ ಜುಲೈ 1ರಂದು. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲವೂ ಆಗ ಮೈಸೂರು ಜಿಲ್ಲೆಗೆ ಸೇರಿದ್ದವು.

ಈ ಸೀಮೆಯ ಜನ ಆಗ ಸರ್ಕಾರದ ಮೇಲೆ ಏಕೆ ಎದ್ದರು ಎಂದು ಇಂದು ಕೇಳಿಕೊಂಡರೆ ಉತ್ತರ ಸುಲಭವಲ್ಲ. ಮೈಸೂರು 'ಮಾದರಿ ಸಂಸ್ಥಾನ' ಎಂದು ಹೆಸರು ಪಡೆದಿತ್ತು. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಈ ತಾಲ್ಲೂಕುಗಳ ಬೆದ್ದಲಿಗೆ ಹರಿದಿತ್ತು. ರಾಗಿ ಬೆಳೆಯುತ್ತಿದ್ದ ಕೈಗಳು ಕಬ್ಬು ನೆಡಲು ಕಲಿತಿದ್ದವು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಗೆಯಾಡುತ್ತಿತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಿಂದಲೇ ಕೋಲಾರದ ಚಿನ್ನದ ಗಣಿಯನ್ನು ಓಡಿಸುತ್ತಿತ್ತು. ಆದರೆ ಆ ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದ ರೈತನ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಕರೆಂಟು ಎಲ್ಲಿಗೆ ಹೋಗಬೇಕು, ನಾಲೆಯ ನೀರಿಗೆ ಎಷ್ಟು ಕಟ್ಟಬೇಕು ಎನ್ನುವುದನ್ನು ತೀರ್ಮಾನಿಸುವ ಜಾಗದಲ್ಲಿ ಅವನಿಲ್ಲ. ಕೊಟ್ಟದ್ದನ್ನು ಕೈಚಾಚಿ ಪಡೆಯಬೇಕು, ಕೇಳಿದ್ದನ್ನು ಎಣಿಸಿ ಕಟ್ಟಬೇಕು.

ಹಾಗೆಂದು ಮೈಸೂರಿನಲ್ಲಿ ಸಭೆಯೇ ಇರಲಿಲ್ಲ ಎನ್ನುವಂತಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿತ್ತು. ಭಾರತದ ಸಂಸ್ಥಾನಗಳಲ್ಲೆಲ್ಲ ಅದೇ ಮೊದಲನೆಯದು, ನಾವು ಹೆಮ್ಮೆಪಡಬೇಕಾದದ್ದೇ. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ದಸರಾ ಹೊತ್ತಿಗೆ ಊರೂರಿನ ಪ್ರತಿನಿಧಿಗಳು ಪೇಟ ಸುತ್ತಿ, ಕೋಟು ತೊಟ್ಟು ಮೈಸೂರಿಗೆ ಹೋಗಿ ಕಷ್ಟ ಹೇಳಿಕೊಳ್ಳುತ್ತಿದ್ದರು. ಕೆರೆ ಒಡೆದಿದೆ, ರಸ್ತೆ ಕೆಟ್ಟಿದೆ, ಕಂದಾಯ ಹೆಚ್ಚಾಗಿದೆ. ದಿವಾನರು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದರು. ಆ ದಿವಾನರನ್ನು ಸಭೆ ಆರಿಸಿದ್ದಲ್ಲ, ಇಳಿಸುವುದೂ ಸಭೆಯ ಕೈಲಿ ಇರಲಿಲ್ಲ. ಅವರು ಉತ್ತರ ಹೇಳಬೇಕಾದ್ದು ಅರಮನೆಗೆ. ಅರ್ಜಿ ಕೊಡುವ ಸಭೆ ಬೇರೆ, ಆಳುವ ಸಭೆ ಬೇರೆ. 'ಜವಾಬ್ದಾರಿ ಸರ್ಕಾರ' ಎಂಬ ಮಾತು ಆ ದಶಕದಲ್ಲಿ ಮೈಸೂರಿನ ಹಳ್ಳಿಹಳ್ಳಿಗೆ ಹಬ್ಬಿದ್ದು ಈ ಅಂತರವನ್ನು ಮುಚ್ಚುವುದಕ್ಕೆ.

1937ರಲ್ಲಿ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಬೆರೆಯಿತು. ಪೇಟೆಯ ವಕೀಲರ ಜೊತೆ ಹಳ್ಳಿಯ ಒಕ್ಕಲುಮಕ್ಕಳು ಕೂತರು. ಹಾಗೆ ಕೂಡಿದ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನಕ್ಕೆ ಆರಿಸಿಕೊಂಡದ್ದು ಬೆಂಗಳೂರನ್ನಲ್ಲ, ಮೈಸೂರನ್ನಲ್ಲ, ಶಿವಪುರವನ್ನು. ನನಗೆ ಆ ಆಯ್ಕೆಯೇ ಅರ್ಧ ಕ್ರಾಂತಿಯಾಗಿ ಕಾಣುತ್ತದೆ. ಈ ಭಾಗದಲ್ಲಿ ಜನರನ್ನು ಕೂಡಿಸಿದವರು 'ಚಿತ್ರಗುಪ್ತ' ಪತ್ರಿಕೆಯ ಎಚ್.ಕೆ. ವೀರಣ್ಣಗೌಡರಂಥವರು. ನಾಲೆಯ ರೈತರ ಸಂಕಟ ಅವರಿಗೆ ಓದಿ ತಿಳಿದದ್ದಲ್ಲ. ಅಧ್ಯಕ್ಷರಾಗಿ ಬಂದವರು ದೊಡ್ಡಬಳ್ಳಾಪುರದ ವಕೀಲ ಟಿ. ಸಿದ್ದಲಿಂಗಯ್ಯನವರು.

1938ರ ಏಪ್ರಿಲ್ 9, 10, 11. ಶನಿವಾರ, ಭಾನುವಾರ, ಸೋಮವಾರ. ಯುಗಾದಿ ಕಳೆದು ವಾರವಷ್ಟೇ ಆಗಿದೆ. ಹೊಂಗೆ ಚಿಗುರಿ ನೆರಳು ಚೆಲ್ಲುವ ಕಾಲ. ಬಯಲಿನಲ್ಲಿ ಬಿಸಿಲು ಕಣ್ಣು ಕುಕ್ಕುತ್ತದೆ. ಮಳವಳ್ಳಿ ಕಡೆಯಿಂದ, ಮಂಡ್ಯ ಕಡೆಯಿಂದ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ಜನ ಬರುತ್ತಾರೆ. ರೈಲಿನಲ್ಲಿ ಬಂದವರು ಮದ್ದೂರು ಸ್ಟೇಷನ್ನಿನಲ್ಲಿ ಇಳಿದು ಧೂಳಿನ ದಾರಿ ಹಿಡಿಯುತ್ತಾರೆ. ಒಂದೊಂದು ಗಾಡಿಯ ಮೂಕಿ ಇಳಿದಂತೆಲ್ಲ ಬಯಲು ಜಾತ್ರೆಯ ರೂಪ ತಾಳುತ್ತದೆ. ಆದರೆ ಇಲ್ಲಿ ತೇರಿಲ್ಲ. ಎಲ್ಲರ ಕಣ್ಣು ಒಂದು ಕಂಬದ ಮೇಲೆ.

ಆ ಕಂಬಕ್ಕೆ ಏರಬೇಕಾದ ಬಟ್ಟೆಯನ್ನು ಹತ್ತಿರದಿಂದ ನೋಡೋಣ. ಕೈಯಲ್ಲಿ ನೂತ ನೂಲಿನ ಖಾದಿ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ನಡುವಿನ ಬಿಳಿಯಲ್ಲಿ ಇಂದಿನ ಚಕ್ರವಿಲ್ಲ, ಚರಕವಿದೆ. 1931ರಲ್ಲಿ ಕಾಂಗ್ರೆಸ್ ಒಪ್ಪಿದ ರೂಪ ಅದು. ಕೈನೂಲಿನ ಬಟ್ಟೆಯಲ್ಲಿ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬೆಳಕಿಗೆ ಹಿಡಿದರೆ ನೂತವರ ಕೈ ಎಲ್ಲೆಲ್ಲಿ ನಿಂತಿತು, ಎಲ್ಲೆಲ್ಲಿ ಓಡಿತು ಎನ್ನುವುದು ತಿಳಿಯುತ್ತದೆ. ಮಡಿಸಿದರೆ ಅಂಗೈ ಅಗಲ. ಇಷ್ಟು ಬಟ್ಟೆಗೆ ಸರ್ಕಾರ ಪ್ರತಿಬಂಧಕಾಜ್ಞೆ ಹೊರಡಿಸಿತ್ತು. ಗಂಡಭೇರುಂಡದ ಧ್ವಜ ಹಾರುವ ನೆಲದಲ್ಲಿ ಇನ್ನೊಂದು ಬಾವುಟ ಏರಿದರೆ ಒಡೆಯರು ಯಾರು ಎಂಬ ಪ್ರಶ್ನೆ ಏಳುತ್ತದೆ ಎಂಬುದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತಕ್ಕೆ ಚೆನ್ನಾಗಿ ಗೊತ್ತಿತ್ತು. ಗದ್ದೆಯ ಬದುವಿನ ಮೇಲೆ ನಿಂತು ನೋಡುತ್ತಿದ್ದ ರೈತನಿಗೂ ಗೊತ್ತಿತ್ತು.

ಸಿದ್ದಲಿಂಗಯ್ಯನವರು ಧ್ವಜಸ್ತಂಭದ ಬಳಿ ಬಂದರು. ಪೊಲೀಸರು ಬಂಧಿಸಿದರು. ಜನ ಚದುರಲಿಲ್ಲ, ಕಲ್ಲೂ ಬೀಸಲಿಲ್ಲ. ಅವರ ಜಾಗಕ್ಕೆ ಎಂ.ಎನ್. ಜೋಯಿಸರು ಬಂದರು. ಬಾವುಟ ಏರಿತು. ಒಬ್ಬರ ಹಿಂದೊಬ್ಬರು, ಗಂಡಸರು, ಹೆಂಗಸರು. ಈ ಸತ್ಯಾಗ್ರಹದಲ್ಲಿ ದುಡಿದವರ ಹೆಸರು ಹೇಳುವಾಗ ಹಿರಿಯರು ಯಶೋಧರಮ್ಮ ದಾಸಪ್ಪನವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಹಿಡಿದಷ್ಟೂ ಜನ, ಹಿಡಿದಷ್ಟೂ ಜನ. ಕೈಕೋಳದ ಲೆಕ್ಕ ಮುಗಿಯಬಹುದಿತ್ತು, ಸರದಿ ಮುಗಿಯುವಂತೆ ಕಾಣಲಿಲ್ಲ.

ಅಧಿವೇಶನವೆಂದರೆ ಬಾವುಟವೊಂದೇ ಅಲ್ಲ. ಸ್ವಾಗತ ಸಮಿತಿ, ವಿಷಯ ನಿಯಾಮಕ ಸಮಿತಿ, ಸ್ವಯಂಸೇವಕರ ದಳ, ಅಡುಗೆಯ ಒಲೆ. ನಿರ್ಣಯ ಮಂಡಿಸುವವರು ಒಬ್ಬರು, ಅನುಮೋದಿಸುವವರು ಇನ್ನೊಬ್ಬರು, ತಿದ್ದುಪಡಿ ಕೇಳುವವರು ಮತ್ತೊಬ್ಬರು, ಕೊನೆಗೆ ಕೈಯೆತ್ತುವವರು ಎಲ್ಲರೂ. ಕಾಂಗ್ರೆಸ್ಸಿನ ಈ ಪದ್ಧತಿಯನ್ನು ಹಳ್ಳಿಯ ಜನ ಕಂಡದ್ದು ಹೀಗೆ, ತಮ್ಮ ನೆಲದ ಮೇಲೆ. ಕಂದಾಯದ ರಸೀದಿ ಹಿಡಿದು ಕಚೇರಿಯ ಜಗಲಿಯಲ್ಲಿ ಕಾದು ನಿಂತವನು ಇಲ್ಲಿ ನೆಲದ ಮೇಲೆ ಕೂತು, ರಾಜ್ಯದ ವಿಚಾರಕ್ಕೆ ಕೈಯೆತ್ತುವವರನ್ನು ನೋಡಿದ. ಸಂಜೆಯಾಗುತ್ತಿದ್ದಂತೆ ಚೈತ್ರದ ಬೆಳೆಯುವ ಚಂದ್ರ ನೆತ್ತಿಯ ಮೇಲೆ. ಹುಣ್ಣಿಮೆಗೆ ಇನ್ನು ಮೂರು ನಾಲ್ಕು ದಿನ. ಬಯಲೆಲ್ಲ ಬೆಳ್ದಿಂಗಳು, ನೊಗ ಇಳಿಸಿದ ಎತ್ತುಗಳ ಗಂಟೆಯ ಸದ್ದು.

ನಾನು ಶಿವಪುರವನ್ನು ಸತ್ಯಾಗ್ರಹವೆಂದಷ್ಟೇ ಕರೆಯಲು ಒಪ್ಪುವುದಿಲ್ಲ. ಅದು ಮೈಸೂರು ಪ್ರಜೆಗಳ ಮೊದಲ ಶಾಸನಸಭೆ. ಕಟ್ಟಡವಿರಲಿಲ್ಲ, ಖಜಾನೆಯಿರಲಿಲ್ಲ, ಹೊರಡಿಸಿದ ಆಜ್ಞೆಗೆ ಮುದ್ರೆ ಒತ್ತುವವರೂ ಇರಲಿಲ್ಲ. ಆದರೆ ಅಧ್ಯಕ್ಷರನ್ನು ಎತ್ತಿಕೊಂಡು ಹೋದರೂ ಸಭೆ ಉಳಿಯಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಎದ್ದರೆ ಕಲಾಪ ಮುಗಿಯುತ್ತಿತ್ತು. ಇಲ್ಲಿ ಅಧ್ಯಕ್ಷರು ಜೈಲಿಗೆ ಹೋದರೆ ಕಲಾಪ ಮುಂದುವರಿಯುತ್ತಿತ್ತು. ಐರ್ಲೆಂಡಿನವರು 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ತಮ್ಮ ಮೊದಲ ಸಭೆ ಕೂಡಿಸಿದಾಗ ಹಾಜರಿ ಕರೆದರು. ಎಷ್ಟೋ ಹೆಸರುಗಳಿಗೆ ಬಂದ ಉತ್ತರ, ಪರಕೀಯರ ಸೆರೆಯಲ್ಲಿದ್ದಾರೆ ಎಂದು. ಹಾಗಿದ್ದೂ ಅವರು ಅದನ್ನು ತಮ್ಮ ಪಾರ್ಲಿಮೆಂಟು ಎಂದರು. ಅಮೆರಿಕದವರ ಕಾಂಗ್ರೆಸ್ಸು 1776ರಲ್ಲಿ ಇಂಗ್ಲಿಷರ ಸೈನ್ಯ ಹತ್ತಿರ ಬಂದಾಗ ಫಿಲಡೆಲ್ಫಿಯಾ ಬಿಟ್ಟು ಬಾಲ್ಟಿಮೋರಿಗೆ ಕಾಗದಪತ್ರ ಹೊತ್ತುಕೊಂಡು ಹೋಗಿ ಅಲ್ಲಿ ಕೂತು ಕಲಾಪ ನಡೆಸಿತು. ಶಿವಪುರದವರ ಹತ್ತಿರ ಸೈನ್ಯವಿರಲಿಲ್ಲ, ಕೊಲ್ಲುವ ಮನಸ್ಸೂ ಇರಲಿಲ್ಲ. ಅವರ ಬಳಿ ಇದ್ದದ್ದು ಸರದಿ ಒಂದೇ.

ಆಮೇಲಿನದು ಬೇಗ ಬೇಗ ನಡೆಯಿತು. ಶಿವಪುರ ಮುಗಿದು ಎರಡು ವಾರಕ್ಕೆ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಎಣಿಕೆಯಲ್ಲಿ ಸರ್ಕಾರಕ್ಕೂ ಜನಕ್ಕೂ ಕೊನೆಯವರೆಗೂ ಒಮ್ಮತ ಬರಲಿಲ್ಲ. ವಲ್ಲಭಭಾಯಿ ಪಟೇಲರು, ಕೃಪಲಾನಿಯವರು ಬಂದರು. ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಸರ್ಕಾರ ಮೈಸೂರು ಕಾಂಗ್ರೆಸ್ಸನ್ನು ಮಾನ್ಯ ಮಾಡಿತು. ಶಿವಪುರದಲ್ಲಿ ಅಪರಾಧವಾಗಿದ್ದ ಬಾವುಟಕ್ಕೆ ಹಾರುವ ಹಕ್ಕು ಸಿಕ್ಕಿತು. ಬಾವುಟ ಸಿಕ್ಕಿತು, ಆಳುವ ಸಭೆ ಸಿಗಲಿಲ್ಲ.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಾಳ್ಮೆ ಕಳೆದುಕೊಂಡು ಊರನ್ನೇ ಸ್ವತಂತ್ರವೆಂದು ಸಾರಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಸರ್ಕಾರ ಕಟ್ಟಿದರು. 1943ರ ಮಾರ್ಚಿನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಆ ಊರಿನ ಕಥೆಗೆ ಬೇರೆಯೇ ಬರಹ ಬೇಕು, ಇಲ್ಲಿ ಎರಡು ಸಾಲಿಗೆ ನಿಲ್ಲಿಸುವುದಕ್ಕೆ ಮನಸ್ಸು ಹಿಂಜರಿಯುತ್ತದೆ.

1947ರ ಆಗಸ್ಟ್ 15 ಕಳೆಯಿತು. ದೆಹಲಿಯಲ್ಲಿ ಚಕ್ರದ ಬಾವುಟ ಏರಿತು, ಮೈಸೂರಿನಲ್ಲಿ ಆಡಳಿತ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಇತ್ತು. ದೇಶ ಸ್ವತಂತ್ರವಾಗಿತ್ತು, ಮದ್ದೂರಿನ ರೈತನಿಗೆ ತನ್ನ ಸರ್ಕಾರ ಇರಲಿಲ್ಲ. ಸೆಪ್ಟೆಂಬರ್ 1ಕ್ಕೆ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ಶುರುವಾಯಿತು. ನಾಯಕರು ಜೈಲು ಸೇರಿದರು. ಮತ್ತೆ ಶಿವಪುರದ ಸರದಿ: ಒಬ್ಬರು ಹೋದರೆ ಇನ್ನೊಬ್ಬರು. ವಿದ್ಯಾರ್ಥಿಗಳು ಶಾಲೆ ಬಿಟ್ಟು ಬೀದಿಗೆ ಬಂದು 'ಆರ್ಕಾಟ್ ಬಾಯ್ಕಾಟ್' ಎಂದು ಕೂಗಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ಹುಡುಗ ಗುಂಡಿಗೆ ಬಲಿಯಾದ. ಅವನ ಹೆಸರಿನ ವೃತ್ತದಲ್ಲಿ ಇಂದು ಸಿಗ್ನಲ್ ಬಿದ್ದಾಗ ಬಸ್ಸುಗಳು ನಿಲ್ಲುತ್ತವೆ. ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಅದರಲ್ಲಿದ್ದರು. ಮೈಸೂರಿಗೊಂದು ಸಂವಿಧಾನ ಬರೆಯಲೆಂದು ಸಂವಿಧಾನ ಸಭೆಯೂ ಕೂಡಿತು. ಅದು ಭಾರತದ ಸಂವಿಧಾನವನ್ನೇ ಒಪ್ಪಿಕೊಳ್ಳೋಣ ಎಂದಿತು. 1949ರ ಡಿಸೆಂಬರಿನಲ್ಲಿ ರಂಗಾಚಾರ್ಲು ಕಾಲದ ಪ್ರಜಾಪ್ರತಿನಿಧಿ ಸಭೆ ಕೊನೆಗೊಂಡಿತು. 1952ರ ಚುನಾವಣೆವರೆಗೆ ಆ ಸಂವಿಧಾನ ಸಭೆಯೇ ತಾತ್ಕಾಲಿಕ ಶಾಸನಸಭೆಯಾಗಿ ನಡೆಯಿತು.

ಸತ್ಯಾಗ್ರಹ ಸೌಧದ ಅಂಗಳಕ್ಕೆ ನಾನು ಬಂದಾಗ ಮಧ್ಯಾಹ್ನ ಮೀರಿತ್ತು. ಹೊರಗಿನ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹೋಯಿತು. ಜಲ್ಲೆಯ ಗರಿ ಟಾರಿಗೆ ಉಜ್ಜಿ ಸರಸರ ಸದ್ದು. ಅದರ ಹಿಂದೆ ಮಳವಳ್ಳಿ ಬಸ್ಸು, ಕಿಟಕಿಯಲ್ಲಿ ನಿದ್ದೆಗಣ್ಣಿನ ಹೆಣ್ಣುಮಕ್ಕಳು. ಎಳನೀರಿನವರ ತಾತ ಎಲ್ಲಿ ನಿಂತು ನೋಡಿದ್ದಿರಬಹುದು ಎಂದು ನಾನು ಆಚೀಚೆ ತಿರುಗಿದೆ. ಹೈದನಾಗಿದ್ದವನಿಗೆ ಮುಂದಿನ ಸಾಲು ಸಿಕ್ಕಿರಲಿಕ್ಕಿಲ್ಲ. ಯಾರದೋ ಹೆಗಲ ಮೇಲೆ ಕೂತಿರಬೇಕು, ಇಲ್ಲವೇ ಗಾಡಿಯ ಮೂಕಿ ಹತ್ತಿ ನಿಂತಿರಬೇಕು. ಅಲ್ಲಿಂದ ಅವನಿಗೆ ಪೊಲೀಸರ ಪೇಟಗಳು ಕಂಡಿರುತ್ತವೆ, ಅವುಗಳ ನಡುವಿನಿಂದ ಒಂದು ಕೈ ಹಗ್ಗ ಎಳೆಯುವುದು ಕಂಡಿರುತ್ತದೆ. ಆ ಕೈ ಮರೆಯಾದ ಕೂಡಲೇ ಹಗ್ಗ ಹಿಡಿಯಲು ಮುಂದೆ ಬಂದ ಇನ್ನೊಂದು ಕೈಯೂ.