ಫೋನು ಯಾರ ಕೈಲಿದೆ?

ಬಿ.ಎಡ್ ಮಾಡಿದವರಿಗೆ ‘ಕ್ರಿಯಾ ಸಂಶೋಧನೆ’ ಹೊಸ ಪದವೇನಲ್ಲ. ಸಮಸ್ಯೆ ಇರುವವರ ಜತೆಗೇ ಕೂತು ಯೋಚಿಸಬೇಕು, ಒಂದು ಬದಲಾವಣೆ ಮಾಡಿ ನೋಡಬೇಕು, ಏನಾಯ್ತು ಅಂತ ಗಮನಿಸಿ ಮತ್ತೆ ತಿದ್ದಬೇಕು. ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲೇ ಇದನ್ನು ವಿವರಿಸಿದ್ದರು. ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯಲ್ಲಿ ಕೆಲಸಗಾರರನ್ನೂ ಕೇಳಿ ಕೆಲಸದ ಕ್ರಮ ಬದಲಿಸಿದಾಗ ಉತ್ಪಾದನೆ ಬೇಗ ಚೇತರಿಸಿಕೊಂಡಿತಂತೆ.

ಅವರೆಲ್ಲ ಕಾರ್ಖಾನೆಯೊಳಗೇ ಇದ್ದವರು. ನಾನಿದ್ದದ್ದು ಅಡುಗೆಮನೆ ಪಕ್ಕದ ಮೇಜಿನ ಮುಂದೆ! ಲಾಕ್‌ಡೌನ್ ಮುಗಿದ ಹೊಸತರಲ್ಲಿ ಒಂದು ಸಣ್ಣ ಗಾರ್ಮೆಂಟ್ಸ್‌ಗೆ ಇಂಥದ್ದೇ ಕೆಲಸ ಒಪ್ಪಿಕೊಂಡಿದ್ದೆ. ಜೂಮ್‌ನಲ್ಲಿ ಎಂಟು ಜನ ಟೈಲರ್‌ಗಳು, ಒಂದೇ ಫೋನು. ಏನು ಕೇಳಿದರೂ “ಎಲ್ಲ ಚೆನ್ನಾಗಿದೆ ಮೇಡಂ.” ಮೂರು ಮೀಟಿಂಗ್ ಹೀಗೇ ಕಳೆದವು. ನಾನು ಪೆದ್ದಿ, ವರದಿ ಬರೆಯಲೂ ಕೂತೆ. ಆ ಸಂಜೆ ಒಬ್ಬಾಕೆಯ ಮಿಸ್ಡ್ ಕಾಲ್.

“ಫೋನು ಸೂಪರ್‌ವೈಸರ್ ಸಾರ್‌ದು ಮೇಡಂ. ಅವ್ರೇ ಹಿಡ್ಕೊಂಡು ನಿಂತಿರ್ತಾರೆ. ಹೆಂಗ್ ಹೇಳೋದು?”

ಅಲ್ಲಿಗೇ ಹೋಗಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ಜೂಮ್ ಬಿಟ್ಟೆ. ರಾತ್ರಿ ಅವರು ಪಾತ್ರೆ ತೊಳೆದಾದ ಮೇಲೆ ಒಬ್ಬೊಬ್ಬರಿಗೇ ಮಾಮೂಲಿ ಕರೆ ಮಾಡಿದೆ. ಎಲ್ಲರದ್ದೂ ಒಂದೇ ದೂರು: ಶೌಚಾಲಯಕ್ಕೆ ಹೋಗಲು ಟೋಕನ್. ಹೆಸರು ಬಿಟ್ಟು ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿದೆ. ಹೂಂ ಅಂದಮೇಲೇ ಮಾಲೀಕರಿಗೆ ಕಳಿಸಿದ್ದು.

ಎರಡು ವಾರ ಟೋಕನ್ ಇಲ್ಲದೆ ನೋಡೋಣ ಅಂತ ಅವರನ್ನು ಒಪ್ಪಿಸಲು ಸಾಕುಸಾಕಾಯ್ತು. ದಿನದ ಪೀಸ್ ಲೆಕ್ಕ ಬರೆದವರು ಟೈಲರ್‌ಗಳೇ. ಟಾರ್ಗೆಟ್ ಕುಸಿಯಲಿಲ್ಲ. ಮುಂದಿನ ಸುತ್ತಿಗೆ ವಿಷಯವನ್ನೂ ಅವರೇ ಆರಿಸಿದರು: ಕುಡಿಯುವ ನೀರು.