ಮೂಗು ಎಲ್ಲಿದೆಯೆಂದು ಚಿಪ್‌ಗೆ ಗೊತ್ತಿಲ್ಲ

ಜೇವರ್ಗಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಮೊಮ್ಮಗ ಯೂಟ್ಯೂಬಿನ್ಯಾಗ ಒಂದು ಆಟ ತೋರಿಸ್ದ. ಆಡೋರು ಟಿವಿ ರಿಮೋಟಿನಂಥದ್ದನ್ನ ಒಮ್ಮೆ ಮೂಗಿಗೆ ಹಿಡೀತಾರ, ಒಮ್ಮೆ ನೆತ್ತಿ ಮ್ಯಾಲ ಇಟ್ಕೋತಾರ, ಒಮ್ಮೆ ಕೊಡೆ ಹಿಡಿದಂಗ ಹಿಡೀತಾರ. ತಾನು ಮೂಗಿನ ಹಂತ್ಯಾಕ ಅದೀನಿ ಅಂತ ಆ ರಿಮೋಟಿಗೆ ಹೆಂಗ ಗೊತ್ತಾಗತದ್ರಿ?"

ಗೊತ್ತಾಗುವುದೇ ಇಲ್ಲ. ಅದರಲ್ಲೇ ಇರುವುದು ಸ್ವಾರಸ್ಯ.

ಆಟದ ಹೆಸರು ವಾರಿಯೋವೇರ್: ಸ್ಮೂತ್ ಮೂವ್ಸ್. ಜಪಾನಿನ ನಿಂಟೆಂಡೊ ಕಂಪನಿ 2006ರ ಡಿಸೆಂಬರಿನಲ್ಲಿ ತನ್ನ ವೀ ಯಂತ್ರದ ಜೊತೆಯಲ್ಲೇ ಇದನ್ನು ಅಲ್ಲಿನ ಪೇಟೆಗೆ ಬಿಟ್ಟಿತು. ಒಳಗೆ 200ಕ್ಕೂ ಹೆಚ್ಚು ಚಿಲ್ಲರೆ ಆಟಗಳಿವೆ. ಒಂದೊಂದೂ ಸುಮಾರು 5 ಸೆಕೆಂಡಿನದು. ಆಟಕ್ಕೆ ಮುಂಚೆ ಪರದೆಯ ಮೇಲೆ ಒಂದು ಭಂಗಿಯ ಚಿತ್ರ ಬರುತ್ತದೆ, ಯೋಗದ ಗುರುಗಳ ಧಾಟಿಯಲ್ಲಿ ಗಂಭೀರವಾದ ವಿವರಣೆಯೂ ಬರುತ್ತದೆ. ಆನೆಯ ಭಂಗಿಯೆಂದರೆ ರಿಮೋಟನ್ನು ಸೊಂಡಿಲಿನಂತೆ ಮೂಗಿಗೆ ಒತ್ತಿಕೊಳ್ಳಬೇಕು. ಸಮುರಾಯ್ ಭಂಗಿಯಲ್ಲಿ ಅದು ಸೊಂಟಕ್ಕೆ ಬರುತ್ತದೆ, ಹೋಟೆಲ್ ಮಾಣಿಯ ಭಂಗಿಯಲ್ಲಿ ಅಂಗೈ ಮೇಲೆ ಅಂಗಾತ ಮಲಗುತ್ತದೆ. ಆಮೇಲೆ ಒಂದೇ ಒಂದು ಅಪ್ಪಣೆ: ಎತ್ತು, ಅಲ್ಲಾಡಿಸು, ಬೀಸು. ಒಂದೇ ರಿಮೋಟನ್ನು ಕೈಯಿಂದ ಕೈಗೆ ದಾಟಿಸುತ್ತ 12 ಜನ ಆಡಬಹುದು. ಇದೇ ಜಾತಿಯ ವಾರಿಯೋವೇರ್: ಮೂವ್ ಇಟ್! 2023ರ ನವೆಂಬರಿನಲ್ಲಿ ಸ್ವಿಚ್ ಯಂತ್ರಕ್ಕೂ ಬಂತು. ನಮ್ಮ ಕಡೆ ಇವು ಅಂಗಡಿಯಲ್ಲಿ ಕಾಣುವಂಥವಲ್ಲ. 2009ರಲ್ಲಿ ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ ಸೋನಿಯ ಪ್ಲೇಸ್ಟೇಷನ್ 2ಕ್ಕೆ ದೇಸಿ ಅಡ್ಡಾ ಎಂಬ ಆಟಗಳ ಕಟ್ಟನ್ನು ಮಾಡಿಕೊಟ್ಟಿತ್ತು. ಚಿಣ್ಣಿದಾಂಡು, ಕಬಡ್ಡಿ, ಗಾಳಿಪಟ ಎಲ್ಲವೂ ಅದರಲ್ಲಿದ್ದವು. ಆದರೆ ಕೈ ಬೀಸಿ ಆಡಬೇಕಾದ ಚಿಣ್ಣಿದಾಂಡನ್ನು ಅದರಲ್ಲಿ ಗುಂಡಿ ಒತ್ತಿ ಆಡಬೇಕಾಗಿತ್ತು!

ವೀ ರಿಮೋಟಿನ ಒಳಗೆ ಅನಲಾಗ್ ಡಿವೈಸಸ್ ಎಂಬ ಅಮೆರಿಕನ್ ಕಂಪನಿಯ ಎಡಿಎಕ್ಸ್‌ಎಲ್ 330 ಎಂಬ ಚಿಪ್ ಇತ್ತು. 4 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ. ಇದು ವೇಗೋತ್ಕರ್ಷಮಾಪಕ, ಇಂಗ್ಲಿಷಿನ ಅಕ್ಸೆಲೆರೋಮೀಟರ್. ಇದರ ಕೆಲಸ ತಿಳಿಯಲು ಕಲಬುರಗಿಯಿಂದ ಜೇವರ್ಗಿಗೆ ಹೊರಟ ತುಂಬಿದ ಬಸ್ಸು ಹತ್ತಿದರೆ ಸಾಕು.

ಸೀಟು ಸಿಕ್ಕಿಲ್ಲ, ಮೇಲಿನ ಸರಳು ಹಿಡಿದು ನಡುವಿನ ದಾರಿಯಲ್ಲಿ ನಿಂತಿದ್ದೀರಿ ಎನ್ನಿ. ಡ್ರೈವರು ಬ್ರೇಕು ಹಾಕಿದ ಕೂಡಲೇ ಮುಂದಿನ ಸೀಟಿನ ಕಡೆ ವಾಲುತ್ತೀರಿ, ಗೇರು ಹಾಕಿ ಎಳೆದರೆ ಹಿಂದಿನವರ ಮೇಲೆ ಬೀಳುತ್ತೀರಿ. ಚಿಪ್ಪಿನೊಳಗೂ ಇಂಥ ಒಬ್ಬ ಪ್ರಯಾಣಿಕ ಜೋತುಬಿದ್ದಿದ್ದಾನೆ: ಸಿಲಿಕಾನಿನ ಸಣ್ಣ ಸ್ಪ್ರಿಂಗುಗಳಿಗೆ ಕಟ್ಟಿದ ಸಿಲಿಕಾನಿನದೇ ಒಂದು ತೂಕ. ಅದರ ಮೈಯಿಂದ ಬಾಚಣಿಗೆಯ ಹಲ್ಲಿನಂತೆ ಹೊರಟ ಬೆರಳುಗಳು ಅಲ್ಲಾಡದೆ ನಿಂತ ಬೆರಳುಗಳ ನಡುವೆ ತೂರಿಕೊಂಡಿರುತ್ತವೆ. ತೂಕ ವಾಲಿದರೆ ಒಂದು ಕಡೆಯ ಸಂದು ಕಿರಿದಾಗುತ್ತದೆ, ಇನ್ನೊಂದು ಕಡೆಯದು ಹಿಗ್ಗುತ್ತದೆ. ಸಂದು ಬದಲಾದರೆ ಅಲ್ಲಿ ಹಿಡಿಯುವ ವಿದ್ಯುದಾವೇಶವೂ ಬದಲಾಗುತ್ತದೆ, ಚಿಪ್ಪು ಅದನ್ನು ಅಳೆಯುತ್ತದೆ. ಈ ವಂಶದ ಹಿರಿಯಣ್ಣ ಎಡಿಎಕ್ಸ್‌ಎಲ್ 50ರಲ್ಲಿ ಆ ತೂಕ ಒಂದು ಮೈಕ್ರೋಗ್ರಾಮಿನ ಹತ್ತನೇ ಒಂದು ಪಾಲು ಮಾತ್ರ. ಅದು ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ ಸರಿದರೂ ಪತ್ತೆಯಾಗುತ್ತಿತ್ತು. ಅಷ್ಟು ಸೂಕ್ಷ್ಮವಾದದ್ದನ್ನು ಮಕ್ಕಳ ಕೈಗೆ ಕೊಟ್ಟು "ಜೋರಾಗಿ ಬೀಸು" ಎಂದವರ ಧೈರ್ಯ ಮೆಚ್ಚಬೇಕು. ಬೀಸಿದರು ನೋಡಿ, ರಿಮೋಟು ಕೈ ಜಾರಿ ಟಿವಿಗಳಿಗೆ ಬಡಿಯಿತು. 2006ರ ಡಿಸೆಂಬರಿನಲ್ಲಿ ನಿಂಟೆಂಡೊ ಮಣಿಕಟ್ಟಿನ ಪಟ್ಟಿಗಳನ್ನೇ ಬದಲಿಸಿಕೊಡಬೇಕಾಯಿತು, 32 ಲಕ್ಷ ಪಟ್ಟಿಗಳನ್ನು.

ಈಗ ಅದೇ ಬಸ್ಸಿನಲ್ಲಿ ನಿಮ್ಮ ಕಣ್ಣಿಗೆ ಬಟ್ಟೆ ಕಟ್ಟೋಣ. ಬ್ರೇಕು ಗೊತ್ತಾಗುತ್ತದೆ, ತಿರುವು ಗೊತ್ತಾಗುತ್ತದೆ, ತಗ್ಗು ಬಿದ್ದದ್ದಂತೂ ಬೆನ್ನಿಗೇ ಗೊತ್ತಾಗುತ್ತದೆ. ಆದರೆ ಬಸ್ಸು ಕಟ್ಟಿಸಂಗಾವಿಯ ಸೇತುವೆಯ ಮೇಲಿದೆಯೋ, ಅದನ್ನು ದಾಟಿ ಆಯಿತೋ ಹೇಳಬಲ್ಲಿರಾ? ನುಣುಪಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಬಸ್ಸು ನಿಂತಿದೆಯೋ ಓಡುತ್ತಿದೆಯೋ ಎಂಬುದೇ ತಿಳಿಯದು. ಬಸ್ಸು ಏರು ಹತ್ತುತ್ತಿದ್ದರೂ ಹಿಂದಕ್ಕೆ ವಾಲುತ್ತೀರಿ, ಸಮತಟ್ಟಿನಲ್ಲಿ ವೇಗ ಹೆಚ್ಚಿಸಿಕೊಂಡರೂ ಹಿಂದಕ್ಕೇ ವಾಲುತ್ತೀರಿ. ಒಳಗಿನಿಂದ ಇವೆರಡನ್ನು ಬೇರೆ ಮಾಡಲು ಬಾರದು. 1907ರಲ್ಲಿ ಐನ್‌ಸ್ಟೈನ್ ಹಿಡಿದುಕೊಂಡ ಎಳೆ ಇದೇ. ಅಲ್ಲಿಂದ ಅವರು ಸಾರ್ವತ್ರಿಕ ಸಾಪೇಕ್ಷತೆಗೆ ನಡೆದುಹೋದರು. ಚಿಪ್ಪಿಗೆ ಮಾತ್ರ ಇದೊಂದು ತಲೆನೋವು. ಮೇಜಿನ ಮೇಲೆ ಸುಮ್ಮನೆ ಮಲಗಿದ ಫೋನಿನ ಚಿಪ್ಪು 9.8 ಎನ್ನುತ್ತದೆ, ಅದೇ ಫೋನು ಕೈತಪ್ಪಿ ನೆಲದತ್ತ ಬೀಳುವಾಗ ಸೊನ್ನೆ ಎನ್ನುತ್ತದೆ.

ಹಾಗಾದರೆ ಲೆಕ್ಕ ಹಾಕಿ ಸ್ಥಾನ ಕಂಡುಹಿಡಿಯಬಾರದೇ? ವೇಗೋತ್ಕರ್ಷವನ್ನು ಕೂಡುತ್ತ ಹೋದರೆ ವೇಗ, ವೇಗವನ್ನು ಕೂಡುತ್ತ ಹೋದರೆ ದೂರ. ಕಾಗದದ ಮೇಲೆ ಸರಿ. ಆದರೆ ಚಿಪ್ಪಿನ ಓದಿನಲ್ಲಿ ಗುರುತ್ವದ ನೂರನೇ ಒಂದು ಪಾಲಿನಷ್ಟು ತಪ್ಪಿದೆ ಎಂದುಕೊಳ್ಳಿ. ಒಂದು ಸೆಕೆಂಡಿಗೆ ಸ್ಥಾನ 5 ಸೆಂಟಿಮೀಟರ್ ತಪ್ಪುತ್ತದೆ, 5 ಸೆಕೆಂಡಿಗೆ 1.2 ಮೀಟರ್. ಒಂದು ನಿಮಿಷ ಕಳೆಯುವಷ್ಟರಲ್ಲಿ ನಿಮ್ಮ ಮೂಗು 176 ಮೀಟರ್ ಆಚೆ, ಓಣಿಯ ಕೊನೆಯಲ್ಲಿರುತ್ತದೆ.

ವಾರಿಯೋವೇರ್ ಮಾಡಿದವರ ಜಾಣತನ ಇಲ್ಲಿದೆ. ಅವರು ಚಿಪ್ಪಿಗೆ ಕಷ್ಟದ ಪ್ರಶ್ನೆ ಕೇಳಲೇ ಇಲ್ಲ. "ರಿಮೋಟು ಎಲ್ಲಿದೆ" ಎಂದು ಕೇಳುವ ಬದಲು ರಿಮೋಟು ಎಲ್ಲಿರಬೇಕೆಂದು ಆಡುವವರಿಗೇ ಹೇಳಿಬಿಟ್ಟರು. ಮೂಗಿಗೆ ಹಿಡಿ ಎಂದರೆ ನೂರಕ್ಕೆ ತೊಂಬತ್ತು ಜನ ನಗುತ್ತಲೇ ಮೂಗಿಗೆ ಹಿಡಿಯುತ್ತಾರೆ. ಆಮೇಲೆ ಚಿಪ್ಪಿಗೆ ಉಳಿಯುವುದು ಹೌದು-ಅಲ್ಲ ಎಂಬಷ್ಟರ ಪ್ರಶ್ನೆ: ಈ 5 ಸೆಕೆಂಡಿನಲ್ಲಿ ಮೇಲ್ಮುಖವಾಗಿ ಜೋರಾದ ಎಳೆತವೊಂದು ಬಂತೇ? ಕೊಡೆಯ ಭಂಗಿಯಲ್ಲಿ ಗುರುತ್ವ ರಿಮೋಟಿನ ಉದ್ದಕ್ಕೆ ಬೀಳುತ್ತದೆ, ಮಾಣಿಯ ಭಂಗಿಯಲ್ಲಿ ಅಡ್ಡಕ್ಕೆ. ಇವೆರಡನ್ನು ಬೇರೆ ಮಾಡಬಹುದು. ಮಾಣಿಯ ಅಂಗೈಯನ್ನು ಆನೆಯ ಸೊಂಡಿಲಿನಿಂದ ಬೇರೆ ಮಾಡಲು ಈ ಒಂದು ಚಿಪ್ಪಿನ ಕೈಲಾಗದು. ಕುರ್ಚಿಯಲ್ಲಿ ಒರಗಿ ರಿಮೋಟನ್ನು ಹೊಟ್ಟೆಯ ಮೇಲಿಟ್ಟುಕೊಂಡೇ ಆನೆಯಾಗಬಹುದು, ಅಂಕ ಕಡಿಮೆಯಾಗುವುದಿಲ್ಲ. ಟಿವಿಯ ಮೇಲೆ ಇಡುವ "ಸೆನ್ಸರ್ ಬಾರ್" ಎಂಬುದೂ ಇಂಥದ್ದೇ ಕಣ್ಕಟ್ಟು. ಅದು ಏನನ್ನೂ ಗ್ರಹಿಸುವುದಿಲ್ಲ, ಅವಕೆಂಪು ದೀಪಗಳ ಪಟ್ಟಿ ಅಷ್ಟೇ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ. ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತದೆ.

ಚಿಪ್ಪಿನ ಹುಟ್ಟಿಗೂ ಆಟಕ್ಕೂ ಸಂಬಂಧವಿಲ್ಲ. 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಿನ್ ರಾಯ್ಲನ್ಸ್ ಮತ್ತು ಜೇಮ್ಸ್ ಏಂಜೆಲ್ ಸಿಲಿಕಾನಿನಲ್ಲಿ ಕೊರೆದ 3 ಮಿಲಿಮೀಟರ್ ಉದ್ದದ, 0.02 ಗ್ರಾಂ ತೂಕದ ಮಾಪಕವನ್ನು ಪ್ರಕಟಿಸಿದರು. ಅದಕ್ಕೆ ಪೇಟೆ ಸಿಕ್ಕಿದ್ದು 1990ರ ದಶಕದಲ್ಲಿ, ಕಾರಿನ ಏರ್‌ಬ್ಯಾಗ್ ಬಿಚ್ಚಲು. ಸಿಲಿಕಾನಿನಲ್ಲಿ ಆಳವಾದ, ಗೋಡೆ ನೆಟ್ಟಗಿರುವ ಕಂದಕ ಕೊರೆಯುವ ವಿದ್ಯೆಯನ್ನು ಬಾಷ್ ಕಂಪನಿಯ ಫ್ರಾಂಜ್ ಲೇರ್ಮರ್ ಮತ್ತು ಆಂಡ್ರಿಯಾ ಅರ್ಬನ್ ಅದೇ ದಶಕದಲ್ಲಿ ಕೊಟ್ಟರು. ಅದಿಲ್ಲದಿದ್ದರೆ ಈ ಚಿಪ್ಪುಗಳು ಇಷ್ಟು ಅಗ್ಗವಾಗುತ್ತಿರಲಿಲ್ಲ. ನಮ್ಮಲ್ಲಿ ಇಂಥ ಸೂಕ್ಷ್ಮ ಯಂತ್ರಗಳ ವಿದ್ಯೆಗೆ ನೆಲೆ ಕಟ್ಟಿದವರಲ್ಲಿ ಡಿಆರ್‌ಡಿಓ ಮುಖ್ಯಸ್ಥರಾಗಿದ್ದ ವಿ. ಕೆ. ಆತ್ರೆ ಪ್ರಮುಖರು; ಅವರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಕೆ. ಅನಂತಸುರೇಶ್ ಮೊದಲಾದವರೂ ಸೇರಿ ಇದಕ್ಕೊಂದು ಪಠ್ಯಪುಸ್ತಕವನ್ನೇ ಬರೆದಿದ್ದಾರೆ.

ಮೈ ಅಲ್ಲಾಡಿಸಿ ಆಡುವುದೇ ಇನ್ನು ಮುಂದಿನ ಯುಗ ಎಂದು ಆಗ ಕೊಚ್ಚಿಕೊಂಡವರು ಬಹಳ. ವೀ ಹತ್ತು ಕೋಟಿಗೂ ಮೀರಿ ಮಾರಾಟವಾಯಿತು, ನಿಜ. ಹೀಗೆ ಮೈ ಅಲ್ಲಾಡಿಸಿ ಆಡಲೆಂದೇ 2010ರಲ್ಲಿ ಸೋನಿ ಮೂವ್ ತಂದಿತು, ಮೈಕ್ರೋಸಾಫ್ಟ್ ಕಿನೆಕ್ಟ್ ತಂದಿತು. 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು. ಜನ ಮತ್ತೆ ಸೋಫಾಕ್ಕೆ ಒರಗಿ ಗುಂಡಿ ಒತ್ತತೊಡಗಿದರು. ಉಳಿದುಕೊಂಡದ್ದು ಚಿಪ್ಪು. ಅದರ ತಮ್ಮಂದಿರು ಇವತ್ತು ಆಳಂದ, ಅಫಜಲಪುರದ ಎಲ್ಲ ಕಿಸೆಗಳಲ್ಲೂ ಇದ್ದಾರೆ, ಫೋನು ಅಡ್ಡ ಹಿಡಿದರೆ ವಿಡಿಯೋ ಅಡ್ಡ ತಿರುಗಿಸುತ್ತಾರೆ. ಇವರಿಗೆ ಈಗ ಇನ್ನೊಂದು ಕೆಲಸವೂ ಹತ್ತಿದೆ, ನಮ್ಮ ಭಾಗಕ್ಕೆ ಅದು ಆಟಕ್ಕಿಂತ ದೊಡ್ಡದು.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿತು. ಆಳಂದಕ್ಕೆ ಅದೇನು ದೂರದ ಊರಲ್ಲ, ನೆಟ್ಟಗೆ ಗೆರೆ ಎಳೆದರೆ ಸುಮಾರು 55 ಕಿಲೋಮೀಟರ್. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಆ ರಾತ್ರಿ ಯಾರ ದಿಂಬಿನ ಪಕ್ಕದಲ್ಲೂ ಫೋನಿರಲಿಲ್ಲ.

ಈಗ ಇದೆ. ಗೂಗಲ್ ತನ್ನ ಆಂಡ್ರಾಯ್ಡ್ ಭೂಕಂಪ ಎಚ್ಚರಿಕೆಯನ್ನು 2023ರ ಸೆಪ್ಟೆಂಬರಿನಲ್ಲಿ ಭಾರತಕ್ಕೂ ತಂದಿತು. ಚಾರ್ಜಿಗೆ ಹಾಕಿ ಅಲ್ಲಾಡದೆ ಇಟ್ಟ ಫೋನು ನಡುಕ ಕಂಡರೆ ಸುದ್ದಿ ಕಳಿಸುತ್ತದೆ. ನಡುಗಿದ್ದು ನೆಲವೋ, ಮೇಜಿಗೆ ಹಾಯ್ದ ಮಗುವೋ ಎಂಬುದು ಒಂದು ಫೋನಿಗೆ ತಿಳಿಯದು, ರಿಮೋಟಿಗೆ ಮೂಗು ತಿಳಿಯದ ಹಾಗೆಯೇ. ಆಟ ಆ ಅಜ್ಞಾನವನ್ನು ಮುಂಚೆಯೇ ಭಂಗಿ ಹೇಳಿ ದಾಟಿತು, ಇಲ್ಲಿ ಅಕ್ಕಪಕ್ಕದ ನೂರಾರು ಫೋನುಗಳನ್ನು ಕೇಳಿ ದಾಟುತ್ತಾರೆ. ಒಂದೇ ಹೊತ್ತಿಗೆ ಊರಿನ ಫೋನುಗಳೆಲ್ಲ ನಡುಗಿದವೆಂದರೆ ಅದು ಮಗುವಿನ ಕೆಲಸವಲ್ಲ.

ಎಷ್ಟು ಹೊತ್ತು ಸಿಗುತ್ತದೆ? ಗೋಡೆ ಕೆಡವುವ ಜೋರು ಅಲೆ ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ಓಡುತ್ತದೆ. ಕಿಲ್ಲಾರಿಯಿಂದ ಹೊರಟರೆ ಆಳಂದಕ್ಕೆ ಸುಮಾರು 16 ಸೆಕೆಂಡು, ಅಫಜಲಪುರಕ್ಕೆ 28, ಜೇವರ್ಗಿಗೆ 33. ಪತ್ತೆ ಹಚ್ಚಿ ಸಂದೇಶ ಕಳಿಸಲು 10 ಸೆಕೆಂಡು ಹಿಡಿಯಿತೆಂದು ಇಟ್ಟುಕೊಂಡರೆ ಆಳಂದದವರಿಗೆ ಉಳಿಯುವುದು 6 ಸೆಕೆಂಡು. ಜೇವರ್ಗಿಯವರು ಅಂಗಳಕ್ಕೆ ಬಂದು ನಿಲ್ಲಬಹುದು. ಕಿಲ್ಲಾರಿಯವರಿಗೆ ಏನೂ ಸಿಗುವುದಿಲ್ಲ. ಕೇಂದ್ರದ ಮೇಲಿರುವವರಿಗೆ ಈ ವಿಧಾನದಿಂದ ಎಂದೂ ಸಿಗದು.

ಹೊಗಳಿಕೆ ಇಲ್ಲಿಗೆ ನಿಲ್ಲಲಿ. 2023ರ ಫೆಬ್ರವರಿಯ ತುರ್ಕಿ ಭೂಕಂಪದಲ್ಲಿ ಈ ವ್ಯವಸ್ಥೆ 7.8ರ ಕಂಪನವನ್ನು 5ಕ್ಕಿಂತ ಕಡಿಮೆ ಎಂದು ಎಣಿಸಿತು. ಕೋಟಿ ಜನರಿಗೆ ಮುಟ್ಟಬೇಕಿದ್ದ ಗಟ್ಟಿ ಎಚ್ಚರಿಕೆ ಹೊರಟಿದ್ದು 469 ಮಾತ್ರ. ಗೂಗಲ್ ಅದನ್ನು 2025ರಲ್ಲಿ ಒಪ್ಪಿಕೊಂಡಿತು. 4.5ಕ್ಕಿಂತ ಸಣ್ಣ ಕಂಪನಕ್ಕೆ ಎಚ್ಚರಿಕೆಯೇ ಬರುವುದಿಲ್ಲ, ಹಾಗಾಗಿ 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದವರನ್ನು ಮನೆಯ ಹೊರಗೆ ಮಲಗಿಸಿದಂಥ ನಡುಕಗಳಿಗೆ ಇದು ಬಾಯಿ ಬಿಡದು. ಕಿಲ್ಲಾರಿಯಲ್ಲಿ ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು: ಒಳಮೈ, ಹೊರಮೈ ಬೇರೆ ಬೇರೆಯಾಗಿ ಬಿರಿದು ಕುಸಿದವು. ಗೋಡೆಯ ಎರಡೂ ಮೈಗೆ ಹಾಯುವ ಉದ್ದ ಕಲ್ಲುಗಳನ್ನು ನಡುನಡುವೆ ಹಾಕಿ, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟಿದ ಮನೆ 6 ಸೆಕೆಂಡಿನ ಎಚ್ಚರಿಕೆಗಿಂತ ಹೆಚ್ಚು ಜೀವ ಉಳಿಸುತ್ತದೆ.

ಆದರೂ ಪುಕ್ಕಟೆ ಸಿಗುವುದನ್ನು ಬಿಡುವುದೇಕೆ? ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಸುರಕ್ಷತೆ ಮತ್ತು ತುರ್ತು ವಿಭಾಗದಲ್ಲಿ ಭೂಕಂಪ ಎಚ್ಚರಿಕೆ ಆನ್ ಆಗಿದೆಯೇ ಇವತ್ತೇ ನೋಡಿಕೊಳ್ಳಿ. ಇಂಟರ್ನೆಟ್ಟೂ ಲೊಕೇಶನ್ನೂ ಆನ್ ಇರಬೇಕು, ರಾತ್ರಿ ಡೇಟಾ ಆಫ್ ಮಾಡಿ ಮಲಗುವವರಿಗೆ ಇದು ಬರುವುದಿಲ್ಲ.